ಬಿಸಿಲಿಗೆ ಎಳೆಯದ 2.5 ಡೀಸೆಲ್ ಪಿಕಪ್: ದೊಡ್ಡ ಇಂಟರ್‌ಕೂಲರ್ ಹಾಕಿಸಬೇಕಾ?

ಅಡಕೆಗಾಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಾಡಿ 2018ರ ಡಬಲ್ ಕ್ಯಾಬ್ ಪಿಕಪ್. 2.5 ಲೀಟರ್ ಕಾಮನ್ ರೈಲ್ ಡೀಸೆಲ್, ವೇರಿಯಬಲ್ ಟರ್ಬೊ, 5 ಗೇರ್. ಓಡಿರೋದು 1,12,000 ಕಿ.ಮೀ. ಟರ್ಬೊ ಒತ್ತಿ ಕಳ್ಸೋ ಬಿಸಿಗಾಳಿನ ತಂಪು ಮಾಡೋ ಇಂಟರ್‌ಕೂಲರ್ ಮುಂದುಗಡೆ ರೇಡಿಯೇಟರ್ ಎದುರಿಗಿದೆ. ಅಲ್ಯೂಮಿನಿಯಂ ಕೋರ್ (ಫಿನ್ ಇರೋ ನಡುಭಾಗ), ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕ್. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡ್ಸಿಲ್ಲ, ಎಲ್ಲಾ ಕಂಪನಿಯಿಂದ ಬಂದ ಹಾಗೇ ಇದೆ.

ತೊಂದರೆ ಇಷ್ಟು ನೋಡ್ರಿ. ಹಿಂದೆ 600 ಕೆ.ಜಿ. ಲೋಡ್ ಇಟ್ಕೊಂಡು ಎನ್‌ಎಚ್ 48ರಲ್ಲಿ ಚಿತ್ರದುರ್ಗದ ಕಡೆ ಹೊರಟ್ರೆ, ಬೆಳಿಗ್ಗೆ 7 ಗಂಟೆಗೆ ಏರಿನಲ್ಲಿ 4ನೇ ಗೇರಲ್ಲೇ ಸಲೀಸಾಗಿ ಹತ್ತುತ್ತೆ. ಅದೇ ಲೋಡು, ಅದೇ ಏರು, ಮಧ್ಯಾಹ್ನ 2 ಗಂಟೆಗೆ ಅರ್ಧ ದಾರೀಲೇ ಉಸಿರು ಕಟ್ಟಿದ ಹಾಗೆ ಆಗುತ್ತೆ. ಕಾಲು ಪೂರ್ತಿ ಒತ್ತಿದ್ರೂ ಎಳೆಯಲ್ಲ, 3ನೇ ಗೇರಿಗೆ ಬರಬೇಕು. ಹಿಂದೆ ಸ್ವಲ್ಪ ಕಪ್ಪು ಹೊಗೆ ಕಾಣುತ್ತೆ. ಎಂಜಿನ್ ಚೆಕ್ ಲೈಟ್ ಬಂದಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸವು.

ಬಾರ್-ಪ್ಲೇಟ್ (ದಪ್ಪ ಪಟ್ಟಿ, ತಗಡು ಪೇರಿಸಿ ಮಾಡಿದ) ಇಂಟರ್‌ಕೂಲರ್ ಒಂದು ಸಿಗ್ತಿದೆ. ಕೋರ್ 550 ಅಗಲ, 230 ಎತ್ತರ, 76 ಮಿ.ಮೀ. ದಪ್ಪ, ಬಾಯಿ 63 ಮಿ.ಮೀ. ನನ್ನ ಪ್ರಶ್ನೆ ಮೂರು. ಇದನ್ನ ಹಾಕಿದ್ರೆ ಏರು ಹತ್ತೋದು ಸರಿಹೋಗುತ್ತಾ? ಇದರ ಜೊತೆ ರೀಮ್ಯಾಪ್ ಬೇಕೇ ಬೇಕಾ? ಇಲ್ಲೇ ಕೋರ್ ತರಿಸಿ ಆರ್ಗಾನ್ ವೆಲ್ಡಿಂಗ್‌ನಲ್ಲಿ ಟ್ಯಾಂಕ್ ಕಟ್ಟಿಸಿದ್ರೆ ತಡೆಯುತ್ತಾ? ಗೊತ್ತಿದ್ದವ್ರು ಹೇಳ್ರಿ.

ಕೋಟೆ ಡೀಸೆಲ್, ಚಿತ್ರದುರ್ಗ

ಬೆಳಿಗ್ಗೆ ಎಳೆದು ಮಧ್ಯಾಹ್ನ ಎಳೆಯಲ್ಲ ಅಂದರೆ ಬಿಸಿಗಾಳಿಯ ತೊಂದರೆ ಅನ್ನೋದು ಸರಿ. ಆದರೆ ಇಂಟರ್‌ಕೂಲರ್ ಚಿಕ್ಕದಾಯಿತು ಅಂತ ಅಷ್ಟಕ್ಕೇ ಹೇಳೋಕಾಗಲ್ಲ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಪ್ಪು ಹೊಗೆ. ಏರ್ ಫಿಲ್ಟರ್ ಪಕ್ಕದಲ್ಲಿರುವ ಮಾಫ್ ಸೆನ್ಸರ್ ಒಳಗೆ ಹೋದ ಗಾಳಿಯನ್ನು ಅಳೆಯುತ್ತೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಆ ಲೆಕ್ಕ ನಂಬಿ ಡೀಸೆಲ್ ಕೊಡುತ್ತೆ. ಟರ್ಬೊ ದಾಟಿದ ಮೇಲೆ ಎಲ್ಲಾದರೂ ಗಾಳಿ ಸೋರಿದರೆ, ಅಳತೆಯಾದ ಗಾಳಿ ಸಿಲಿಂಡರ್ ತನಕ ಬರಲ್ಲ, ಡೀಸೆಲ್ ಮಾತ್ರ ಬರುತ್ತೆ. ಅದೇ ಹೊಗೆ. ಸರಿಯಾಗಿರುವ, ಬರೀ ಬಿಸಿಯಾದ ಕಂಪನಿ ಸೆಟ್ಟಿಂಗಿನ ಎಂಜಿನ್ ಇಷ್ಟು ಹೊಗೆ ಕಾರಲ್ಲ, ಡೀಸೆಲ್ ಕಡಿಮೆ ಮಾಡಿಕೊಂಡು ಸುಮ್ಮನೆ ಮಂಕಾಗುತ್ತೆ. ನಿಮ್ಮ ಗಾಡಿಯಲ್ಲಿ ಎರಡೂ ಇರೋ ಹಾಗಿದೆ.

ಮೊದಲು ದೊಡ್ಡ ಇಂಟರ್‌ಕೂಲರ್‌ನಿಂದ ಎಷ್ಟು ಸಿಗುತ್ತೆ ಅನ್ನೋ ಲೆಕ್ಕ ಹಾಕೋಣ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಗಾಳಿಯ ಒತ್ತಡ ಸುಮಾರು 0.94 ಬಾರ್. ಬೂಸ್ಟ್, ಅಂದರೆ ಟರ್ಬೊ ಇದರ ಮೇಲೆ ಸೇರಿಸುವ ಒತ್ತಡ, 1.2 ಬಾರ್ ಅಂತ ಇಟ್ಟುಕೊಳ್ಳಿ. ಟರ್ಬೊ ಗಾಳಿಯನ್ನು 2.28 ಪಟ್ಟು ಒತ್ತಬೇಕು. ಹೊರಗೆ 38 ಡಿಗ್ರಿ, ಕಂಪ್ರೆಸರ್ ದಕ್ಷತೆ 70 ಶೇಕಡಾ ಇದ್ದರೆ ಟರ್ಬೊದಿಂದ ಬರುವ ಗಾಳಿ ಸುಮಾರು 156 ಡಿಗ್ರಿ. ಇಂಟರ್‌ಕೂಲರ್ ಈ 118 ಡಿಗ್ರಿ ಹೆಚ್ಚಳದಲ್ಲಿ 60 ಶೇಕಡಾ ತೆಗೆದರೆ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪು) 85 ಡಿಗ್ರಿ ಗಾಳಿ ಹೋಗುತ್ತೆ. 75 ಶೇಕಡಾ ತೆಗೆದರೆ 67 ಡಿಗ್ರಿ. ಒತ್ತಡ ಅಷ್ಟೇ ಇದ್ದಾಗ ಈ ಎರಡರ ನಡುವೆ ಗಾಳಿಯ ಸಾಂದ್ರತೆಯ ವ್ಯತ್ಯಾಸ ಸುಮಾರು 5 ಶೇಕಡಾ. ಇಷ್ಟೇ ಸಿಗೋದು. 20 ಶೇಕಡಾ ಪವರ್ ಜಾಸ್ತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡೀಸೆಲ್ ಎಂಜಿನ್ನಿಗೆ ಗಾಳಿ ಹೆಚ್ಚಾದ ಮಾತ್ರಕ್ಕೆ ಪವರ್ ಬರಲ್ಲ, ಡೀಸೆಲ್ಲೂ ಹೆಚ್ಚಬೇಕು. ನಿಜವಾದ ಲಾಭ ಬೇರೆ ಇದೆ: ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ತಂಪಾಗುತ್ತೋ ಹೆಚ್ಚು ಕಡಿಮೆ ಅಷ್ಟೇ ಡಿಗ್ರಿ ಎಕ್ಸಾಸ್ಟ್ ಬಿಸಿಯೂ ಇಳಿಯುತ್ತೆ, ಬಿಸಿಲಲ್ಲಿ ಇಸಿಯು ಡೀಸೆಲ್ ಕತ್ತರಿಸೋದು ತಡವಾಗುತ್ತೆ. ಲೋಡ್ ಹೊರುವ ಗಾಡಿಗೆ ಅದು ದೊಡ್ಡ ವಿಷಯವೇ.

ಈಗ ಸೋರಿಕೆ ಪರೀಕ್ಷೆ. ಇದಿಲ್ಲದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಟರ್ಬೊದಿಂದ ಹೊರಡುವ ಹೋಸನ್ನು ಟರ್ಬೊ ತುದಿಯಲ್ಲಿ ಬಿಚ್ಚಿ. ಇಂಟರ್‌ಕೂಲರ್ ದಾಟಿ ಎಂಜಿನ್ನಿಗೆ ಹೋಗುವ ಹೋಸನ್ನು ಇಂಟೇಕ್ ಥ್ರಾಟಲ್ ತುದಿಯಲ್ಲಿ ಬಿಚ್ಚಿ. ಎರಡಕ್ಕೂ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪ್ಲಗ್ ಕಡೆಸಿ, ಹೋಸಿನ ಒಳ ಅಳತೆಗೆ ಸರಿಯಾಗಿ, 40 ಮಿ.ಮೀ. ಉದ್ದ, ತುದಿಯಲ್ಲಿ 2 ಮಿ.ಮೀ. ಉಬ್ಬು ಬರುವಂತೆ. ಒಂದು ಪ್ಲಗ್ಗನ್ನು ಒಳಗಿನಿಂದ ಟೊಳ್ಳು ಕಡೆಸಿ, ಉಳಿದ ತೆಳು ಮುಖದ ನಡುವೆ 11.5 ಮಿ.ಮೀ. ತೂತು ಹೊಡೆದರೆ ಪಂಕ್ಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್ ಅದರಲ್ಲಿ ಕೂರುತ್ತೆ. ಪಿವಿಸಿ ಕ್ಯಾಪ್ ಹಾಕಬೇಡಿ. ನೀರಿನ ಒತ್ತಡಕ್ಕೆ ತಡೆಯುವ ಪಿವಿಸಿ ಗಾಳಿಯ ಒತ್ತಡಕ್ಕೆ ಸಿಡಿದರೆ ಚೂರುಗಳು ಮುಖಕ್ಕೇ ಬರುತ್ತವೆ. ಏರ್ ಫಿಲ್ಟರ್ ಕಡೆಯಿಂದ ಗಾಳಿ ತುಂಬೋದೂ ಬೇಡ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಕ್ರ್ಯಾಂಕ್‌ಕೇಸಿಗೆ ಒತ್ತಡ ಹೋಗಿ ಸೀಲುಗಳು ಕೆಡುತ್ತವೆ.

ಕ್ಲಾಂಪ್ ಬಿಗಿದು, ಪ್ಲಗ್ಗಿನ ನೇರಕ್ಕೆ ನಿಲ್ಲದೆ, ನಿಧಾನವಾಗಿ 1 ಬಾರ್ ತುಂಬಿ, ಅಂದರೆ 15 ಪಿಎಸ್‌ಐ. ಅದಕ್ಕಿಂತ ಮೇಲೆ ಹೋಗೋ ಅಗತ್ಯವಿಲ್ಲ. ಗಾಳಿ ನಿಲ್ಲಿಸಿ ಗೇಜ್ ನೋಡಿ. ಒಂದು ನಿಮಿಷಕ್ಕೆ 0.1 ಬಾರ್‌ಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ ಅಂತಲೇ ನಾವು ಹಿಡಿಯೋದು. ಸೋಪಿನ ನೀರು ಬ್ರಷ್ಷಿನಿಂದ ಹಚ್ಚಿ. ಮೊದಲು ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಹಲ್ಲುಗಳಿಗೆ ಕಚ್ಚಿಕೊಂಡಿರುವ ಅಂಚು, ಆಮೇಲೆ ಬಿಸಿ ಕಡೆಯ, ಅಂದರೆ ಟರ್ಬೊದಿಂದ ಇಂಟರ್‌ಕೂಲರಿಗೆ ಬರುವ, ಹೋಸಿನ ಕೆಳಭಾಗ. ಹೋಸಿನ ಮೇಲ್ಮೈ ಚೆನ್ನಾಗಿ ಕಂಡರೂ ಕೆಳಗಡೆ, ಕ್ಲಾಂಪಿನ ಪಕ್ಕದಲ್ಲಿ ಎಣ್ಣೆ ನೆನೆದು ಉಬ್ಬಿರುತ್ತೆ. ಕೈಯಿಂದ ಹಿಂಡಿದರೆ ಮೆತ್ತಗೆ ಇಡ್ಲಿ ಹಾಗೆ ಆಗಿದ್ದರೆ ಅದರ ಆಯುಷ್ಯ ಮುಗಿದಿದೆ. ಒತ್ತಡ ಇರುವಾಗಲೇ ಹೋಸುಗಳನ್ನು ಅಲ್ಲಾಡಿಸಿ. ಎಷ್ಟೋ ಸೀಳು ಎಂಜಿನ್ ಲೋಡಿಗೆ ವಾಲಿದಾಗ ಮಾತ್ರ ಬಾಯಿ ಬಿಡುತ್ತೆ, ನಿಂತ ಗಾಡಿಯಲ್ಲಿ ಮುಚ್ಚಿಕೊಂಡಿರುತ್ತೆ. ಹಾಗಾಗಿಯೇ ಬೂಸ್ಟ್ ಸಾಲದು ಅಂತ ಇಸಿಯು ತೋರಿಸುವ ಪಿ0299 ಕೋಡ್ ಬರದೆಯೂ ಸೋರಿಕೆ ಇರಬಹುದು.

ಹೋಸ್ ಬಿಚ್ಚಿದಾಗ ಒಳಗೆ ಎಣ್ಣೆಯ ಪದರ ಕಾಣುತ್ತೆ, ಗಾಬರಿ ಬೇಡ, ಬ್ರೀದರಿನಿಂದ ಬರುವ ಎಣ್ಣೆಯ ಆವಿ ಅದು. ಒಂದೆರಡು ಚಮಚ ಸಹಜ. ಇಂಟರ್‌ಕೂಲರ್ ಬಗ್ಗಿಸಿದಾಗ ಅರ್ಧ ಲೋಟ ಸುರಿದರೆ ಟರ್ಬೊ ಶಾಫ್ಟ್ ಆಟ, ಬ್ರೀದರ್, ಎಣ್ಣೆ ವಾಪಸ್ ಹೋಗುವ ಪೈಪ್ ನೋಡಿಸಿ. ಆ ಎಣ್ಣೆ ಒಮ್ಮೆಗೇ ಎಂಜಿನ್ನಿಗೆ ಹೋದರೆ ಚಾವಿ ತೆಗೆದರೂ ಎಂಜಿನ್ ನಿಲ್ಲಲ್ಲ.

ಹಾಗೇ ಟರ್ಬೊ ವೇನ್ (ಬೂಸ್ಟ್ ಹೆಚ್ಚು ಕಡಿಮೆ ಮಾಡುವ ಒಳಗಿನ ಎಲೆಗಳು) ತಿರುಗಿಸುವ ಆಕ್ಚುಯೇಟರ್ ವ್ಯಾಕ್ಯೂಮಿನದಾಗಿದ್ದರೆ ಅದರ ಸಣ್ಣ ರಬ್ಬರ್ ಪೈಪುಗಳನ್ನೂ ಬೆರಳಿನಿಂದ ಬಗ್ಗಿಸಿ ನೋಡಿ. ಎಂಜಿನ್ ಬಿಸಿಗೆ ತುದಿಗಳು ಸೀಳಿರುತ್ತವೆ.

ಕೊನೆಗೆ ಹೊರಗಿನ ಕೊಳೆ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೇ ಮೆಕ್ಕೆಜೋಳದ ರಾಶಿ. ಅದರ ಹೊಟ್ಟು ಗ್ರಿಲ್ಲಿನಿಂದ ಒಳಗೆ ಹೋಗಿ ಇಂಟರ್‌ಕೂಲರ್, ಎಸಿ ಕಂಡೆನ್ಸರ್, ರೇಡಿಯೇಟರ್ ಇವುಗಳ ಸಂದಿಯಲ್ಲಿ ಕಂಬಳಿಯ ಹಾಗೆ ಕೂರುತ್ತೆ. ಮುಂದಿನಿಂದ ನೋಡಿದರೆ ಫಿನ್ ಚೊಕ್ಕಟ, ಹಿಂದೆ ಪೂರ್ತಿ ಮುಚ್ಚಿದೆ. ಬಂಪರ್ ಬಿಚ್ಚಿ ಹಿಂದಿನಿಂದ ಮುಂದಕ್ಕೆ ಗಾಳಿ ಹೊಡೆಯಿರಿ, ಆಮೇಲೆ ತೋಟದ ಪೈಪಿನ ಸಾದಾ ನೀರು. ವಾಟರ್ ಸರ್ವಿಸ್ಸಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿ ಇದ್ದ ದಾರಿಯೂ ಮುಚ್ಚುತ್ತೆ. ಒಳಗೆ ತೊಳೆಯೋಕೆ ಸೀಮೆಎಣ್ಣೆ ಅಥವಾ ಅಲ್ಯೂಮಿನಿಯಂಗೆ ಆಗುವ ಡಿಗ್ರೀಸರ್ ಸಾಕು, ಎರಡು ಮೂರು ಸಲ ಕುಲುಕಿ ಬಸಿದು ಒಂದು ದಿನ ಪೂರ್ತಿ ಒಣಗಿಸಿ. ರೇಡಿಯೇಟರ್ ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ತೊಟ್ಟಿಗೆ ಮುಳುಗಿಸೋಕೆ ಬಿಡಬೇಡಿ. ಹಿತ್ತಾಳೆ ರೇಡಿಯೇಟರಿನ ಕಾಲದ ಅಭ್ಯಾಸ ಅದು, ಅಲ್ಯೂಮಿನಿಯಂ ಅದರಲ್ಲಿ ಕರಗುತ್ತೆ.

ಇದಕ್ಕೆ ಮೊದಲು ಮತ್ತು ನಂತರ ಅಳೆಯಿರಿ. ಇಸಿಯು ಸಂಖ್ಯೆಗಳನ್ನು ಮೊಬೈಲಿಗೆ ತೋರಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರಿನಲ್ಲಿ ಬೂಸ್ಟ್, ಇಂಟೇಕ್ ಗಾಳಿಯ ಬಿಸಿ, ಕೂಲೆಂಟ್ ಬಿಸಿ, ಆರ್‌ಪಿಎಂ ಲಾಗ್ ಮಾಡಿ. ಇಂಟೇಕ್ ಬಿಸಿ ಅಂತ ತೋರಿಸೋದು ಮಾಫ್ ಸೆನ್ಸರಿನ ಸಂಖ್ಯೆಯೋ ಇಂಟರ್‌ಕೂಲರ್ ದಾಟಿದ ಮೇಲಿನದೋ ನೋಡಿಕೊಳ್ಳಿ. ಏರು ಹತ್ತುವಾಗಲೂ ಅದು ಹೊರಗಿನ ಬಿಸಿಗಿಂತ ಹೆಚ್ಚೇನೂ ಏರದಿದ್ದರೆ ಮಾಫ್‌ನದೇ. ಆಗ ತಂಪು ಕಡೆಯ ಪೈಪಿಗೆ ಬೇರೆ ಕೆ-ಟೈಪ್ ಥರ್ಮೊಕಪಲ್ (ಬಿಸಿ ಅಳೆಯುವ ತಂತಿ) ಹಾಕಬೇಕು. ಅದೇ ಏರು, ಅದೇ ಲೋಡು, 4ನೇ ಗೇರು, ಅದೇ ಹೊತ್ತು. ಆಮೇಲೆ ಇಲ್ಲಿ ಬರೆಯಿರಿ.

ಅಡಕೆಗಾಡಿ, ದಾವಣಗೆರೆ

ಪರೀಕ್ಷೆ ಆಯ್ತು. 1 ಬಾರ್ ತುಂಬಿದ್ರೆ ಅರ್ಧ ನಿಮಿಷಕ್ಕೆ 0.4ಕ್ಕೆ ಇಳೀತು. ಬಿಸಿ ಕಡೆ ಹೋಸ್, ಕೆಳಗಡೆ ಕ್ಲಾಂಪಿನ ಪಕ್ಕ, 30 ಮಿ.ಮೀ. ಸೀಳು. ಟ್ಯಾಂಕ್ ಅಂಚಿನಲ್ಲಿ ಗುಳ್ಳೆ ಬರಲಿಲ್ಲ. ಕಂಡೆನ್ಸರ್ ಸಂದಿಯಲ್ಲಿ ಹೊಟ್ಟು, ಧೂಳು ಒಂದು ಮೊರ ತುಂಬಾ ಬಂತು. ಒಳಗಿನ ಎಣ್ಣೆ ಎರಡು ಚಮಚ.

ತಂಪು ಕಡೆಯ ಪೈಪಿಗೆ ಥರ್ಮೊಕಪಲ್ ಹಾಕಿ ಅಳೆದದ್ದು, ಹೊರಗೆ 37 ಡಿಗ್ರಿ, 600 ಕೆ.ಜಿ. ಲೋಡ್, 4ನೇ ಗೇರ್, 2,000 ಆರ್‌ಪಿಎಂ: ಮೊದಲು 88 ಡಿಗ್ರಿ, ಬೂಸ್ಟ್ ಹೊಯ್ದಾಡ್ತಿತ್ತು. ಹೋಸ್ ಬದಲಾಯಿಸಿ ತೊಳೆದ ಮೇಲೆ 72 ಡಿಗ್ರಿ, ಬೂಸ್ಟ್ ಸ್ಥಿರ, ಹೊಗೆ ಇಲ್ಲ. 4ನೇ ಗೇರಲ್ಲೇ ಹತ್ತಿತು. ಕೂಲೆಂಟ್ 91.

ಆದ್ರೆ ಮುಂದಿನ ವರ್ಷ ಹಿಂದೆ ಸಣ್ಣ ಟ್ರೇಲರ್ ಕಟ್ಟೋ ಯೋಚನೆ ಇದೆ, ಒಟ್ಟು 1,200 ಕೆ.ಜಿ. ಆಗಬಹುದು. ಏಪ್ರಿಲ್, ಮೇನಲ್ಲೂ ಓಡಬೇಕು. ಆಗಲಾದ್ರೂ ದೊಡ್ಡದು ಬೇಕಾಗುತ್ತಲ್ವಾ? ಬೇಕಂದ್ರೆ ಎಂಥದ್ದು?

ಲೇತ್ ಮನೆ, ಹರಿಹರ

ಅಷ್ಟು ಲೋಡಿಗೆ, ಅಷ್ಟು ಬಿಸಿಲಿಗೆ ಹಾಕಿಸೋದರಲ್ಲಿ ಅರ್ಥ ಇದೆ. ಆದರೆ ನೀವು ಬರೆದ 76 ಮಿ.ಮೀ. ದಪ್ಪದ ಕೋರ್ ಬೇಡ.

ಕಾರಣ ಹೇಳ್ತೀನಿ. ಗ್ರಿಲ್ಲಿನಿಂದ ಬಂದ ಗಾಳಿ ಕೋರಿನ ಮೊದಲ 30–40 ಮಿ.ಮೀ. ದಾಟೋ ಹೊತ್ತಿಗೇ ಬಿಸಿಯಾಗಿರುತ್ತೆ. ಹಿಂದಿನ ಅರ್ಧಕ್ಕೆ ಸಿಗೋದು ಆ ಬಿಸಿಗಾಳಿಯೇ, ಅದರ ಕೆಲಸ ಕಡಿಮೆ. ಆದರೆ ಗಾಳಿಗೆ ಅಡ್ಡ ಮಾತ್ರ ಪೂರ್ತಿ. ಹಿಂದೆ ಕೂತ ಕಂಡೆನ್ಸರ್, ರೇಡಿಯೇಟರ್ ಎರಡಕ್ಕೂ ಗಾಳಿ ಕಡಿಮೆ ಆಗುತ್ತೆ. ನಿಧಾನ ಏರಿನಲ್ಲಿ, 30 ಕಿ.ಮೀ. ವೇಗದಲ್ಲಿ, ಎಸಿ ಹಾಕಿಕೊಂಡು ಹೋಗುವಾಗ ಇದು ಕೂಲೆಂಟ್ ಮೀಟರಿನಲ್ಲಿ ಕಾಣುತ್ತೆ. ಆದ್ದರಿಂದ ದಪ್ಪಕ್ಕಿಂತ ಮುಖದ ಅಗಲ, ಎತ್ತರ ಮುಖ್ಯ. ಬಂಪರ್ ಬಿಚ್ಚಿ, ಗ್ರಿಲ್ಲಿನ ಒಳಮೈಯಿಂದ ಕಂಡೆನ್ಸರ್ ತನಕ ನಾಲ್ಕು ಕಡೆ ಅಳೆಯಿರಿ. ಕೋರ್ 55–65 ಮಿ.ಮೀ. ಇರಲಿ, ಅದರ ಹಿಂದೆ ಕನಿಷ್ಠ 10 ಮಿ.ಮೀ. ಸಂದಿ ಇರಲಿ. ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ಕಂಡೆನ್ಸರ್ ಫಿನ್ ಉಜ್ಜಿ ಗ್ಯಾಸ್ ಸೋರುತ್ತೆ.

ಬಾರ್-ಪ್ಲೇಟೋ ಟ್ಯೂಬ್-ಫಿನ್ನೋ (ತೆಳು ಕೊಳವೆಗಳ ನಡುವೆ ಫಿನ್ ಇರೋದು) ಅಂದರೆ, ನಮ್ಮ ರಸ್ತೆಗಳಿಗೆ ಬಾರ್-ಪ್ಲೇಟ್ ಗಟ್ಟಿ, ಕಲ್ಲು ಸಿಡಿದರೂ ತಡೆಯುತ್ತೆ. ತೂಕ ಜಾಸ್ತಿ. ಅದರ ಲೋಹದ ದಪ್ಪ ಒಂದೆರಡು ನಿಮಿಷದ ಜೋರಿಗೆ ಬಿಸಿ ಹೀರಿಕೊಳ್ಳುತ್ತೆ. ಹತ್ತು ನಿಮಿಷದ ಏರಿಗೆ ಆ ಲಾಭ ಇಲ್ಲ, ಅಲ್ಲಿ ಹೊರಗಿನ ಗಾಳಿ ಎಷ್ಟು ಹಾಯುತ್ತೆ ಅನ್ನೋದೇ ಲೆಕ್ಕ. ಹೊರ ಫಿನ್ ಬಹಳ ಒತ್ತಾಗಿರುವ ಕೋರ್ ತಗೋಬೇಡಿ, ಹೊಟ್ಟು ಧೂಳು ಸಿಕ್ಕಿಕೊಂಡರೆ ತೊಳೆದರೂ ಬರಲ್ಲ.

ಆರ್ಗಾನ್ ವೆಲ್ಡಿಂಗಿನ ಬಗ್ಗೆ ಕೇಳಿದ್ರಿ. ತಡೆಯುತ್ತೆ, ಮಾಡೋ ಕ್ರಮದಲ್ಲಿ ಮಾಡಿದರೆ. ಹಳೆ ಪ್ಲಾಸ್ಟಿಕ್ ಟ್ಯಾಂಕಿನ ಕೋರಿಗೆ ಅಲ್ಯೂಮಿನಿಯಂ ಟ್ಯಾಂಕ್ ಅಂಟಿಸೋ ಕೆಲಸ ಬೇಡ, ಕೊಳವೆಗಳ ತುದಿ ಹಿಡಿದಿರೋ ಅದರ ಹೆಡರ್ ತಗಡು ತೆಳು, ಸುಟ್ಟು ತೂತಾಗುತ್ತೆ. ಹೊಸ ಬಾರ್-ಪ್ಲೇಟ್ ಕೋರಿಗೆ 3 ಮಿ.ಮೀ. ಶೀಟಿನಲ್ಲಿ ಟ್ಯಾಂಕ್ ಕಟ್ಟಿಸಿ. ಬಿಸಿ ಕಡೆಯ ಟ್ಯಾಂಕ್ ಬಾಯಿಯಿಂದ ದೂರ ಹೋದಂತೆ ಕಿರಿದಾಗಲಿ. ಚೌಕ ಡಬ್ಬಿ ಹಾಗಿದ್ದರೆ ಗಾಳಿ ಬಾಯಿಯ ಎದುರಿನ ನಾಲ್ಕು ಸಾಲಿನಲ್ಲೇ ನುಗ್ಗುತ್ತೆ, ಉಳಿದ ಕೋರ್ ದಂಡ.

ಫಿಲ್ಲರ್ ರಾಡ್ 4043 ಕೇಳಿ, 5356 ಅಲ್ಲ. 5356ರಲ್ಲಿ ಮೆಗ್ನೀಸಿಯಂ ಜಾಸ್ತಿ. ಸುಮಾರು 65 ಡಿಗ್ರಿಗಿಂತ ಮೇಲೆ ಸತತವಾಗಿ ಕಾದರೆ ಆ ಬೆಸುಗೆ ಕಾಲಕ್ರಮದಲ್ಲಿ ಬಿರುಕು ಬಿಡೋ ಸ್ವಭಾವದ್ದು. ಬಿಸಿ ಕಡೆ 150 ಡಿಗ್ರಿ ಮುಟ್ಟುತ್ತೆ. ಟಿಗ್ (ಆರ್ಗಾನ್) ಮೆಷಿನ್ ಎಸಿ ಕರೆಂಟಿನಲ್ಲಿರಬೇಕು, ಅಂಚನ್ನು ಅಸಿಟೋನ್‌ನಲ್ಲಿ ಒರೆಸಿ ಸ್ಟೀಲ್ ಬ್ರಷ್ಷಿನಿಂದ ಉಜ್ಜಬೇಕು. ಆ ಬ್ರಷ್ ಕಬ್ಬಿಣಕ್ಕೆ ಮುಟ್ಟಿಸಿದ್ದಾಗಿರಬಾರದು. ಒಂದೇ ಎಳೆತದಲ್ಲಿ ಪೂರ್ತಿ ಅಂಚು ಎಳೆದರೆ ಕೋರಿನ ಬ್ರೇಜಿಂಗ್ ಕರಗುತ್ತೆ, ಅದು 600 ಡಿಗ್ರಿಯ ಆಸುಪಾಸಿಗೇ ಬಿಡುವಂಥದ್ದು. 30–40 ಮಿ.ಮೀ. ಹಾಕಿ, ಎದುರು ಮೂಲೆಗೆ ಹೋಗಿ, ಮತ್ತೆ ಈ ಕಡೆಗೆ ಬರಬೇಕು. ಆತುರದವರ ಕೈಗೆ ಈ ಕೆಲಸ ಕೊಡಬೇಡಿ.

ಬೆಸುಗೆ ಮುಗಿದ ಮೇಲೆ ತೊಟ್ಟಿಯ ನೀರಲ್ಲಿ ಮುಳುಗಿಸಿ 2 ಬಾರ್ ಹಾಕಿ ಹತ್ತು ನಿಮಿಷ ನೋಡಿ. ಆಮೇಲೆ ಒಳಗೆ ಬಿದ್ದ ಗ್ರೈಂಡಿಂಗ್ ಪುಡಿ, ಬೆಸುಗೆಯ ಗೋಲಿ ಪೂರ್ತಿ ತೆಗೆಯಬೇಕು. ಬಿಸಿ ಬಾಯಿಯಿಂದ ನೀರು ಹಾಯಿಸಿ, ತಲೆಕೆಳಗು ಮಾಡಿ, ಮರದ ಸುತ್ತಿಗೆಯಿಂದ ತಟ್ಟಿ, ಗಾಳಿ ಹೊಡೆದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮತ್ತೆ ಗಾಳಿ ಹೊಡೆಯಿರಿ. ಬಟ್ಟೆಯಲ್ಲಿ ಒಂದು ಮಿನುಗು ಕಂಡರೂ ಇನ್ನೊಂದು ಸಲ. ಏರ್ ಫಿಲ್ಟರ್ ಇದಕ್ಕೆ ಮೊದಲೇ ಇರೋದು. ಇಂಟರ್‌ಕೂಲರಿನಲ್ಲಿ ಉಳಿದದ್ದು ನೇರ ಪಿಸ್ಟನ್ ಮೇಲೆ ಹೋಗುತ್ತೆ. ಇದೇ ಕಾರಣಕ್ಕೆ, ಟರ್ಬೊ ಒಡೆದ ಗಾಡಿಯ ಇಂಟರ್‌ಕೂಲರನ್ನು ತೊಳೆದು ಮತ್ತೆ ಹಾಕಲೂ ಬಾರದು. ಫಿನ್ ಸಂದಿಯ ಲೋಹದ ಚೂರು ತೊಳೆದರೆ ಬರಲ್ಲ.

ಜಗಳೂರು ರೋಡ್

ಸರ್, 63 ಮಿ.ಮೀ. ಪೈಪು, ದೊಡ್ಡ ಕೋರು ಹಾಕಿದರೆ ಟರ್ಬೊ ಲ್ಯಾಗ್ ಜಾಸ್ತಿ ಆಗಲ್ವಾ? ತುಂಬೋ ಜಾಗ ದೊಡ್ಡದಾಯ್ತಲ್ಲ. ಇನ್ನೊಂದು, ಎಂಜಿನ್ ಮೇಲೆ ಇಂಟರ್‌ಕೂಲರ್ ಇರೋ ಗಾಡಿಗೂ ಇದೇ ಮಾತಾ?

ಲೇತ್ ಮನೆ, ಹರಿಹರ

2.5 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ 2.5 ಲೀಟರ್ ಎಳೆಯುತ್ತೆ. 2,000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ ಸುಮಾರು 42 ಲೀಟರ್. ಹೊಸ ಕೋರು, ಪೈಪು ಸೇರಿ 4 ಲೀಟರ್ ಜಾಗ ಹೆಚ್ಚಾಯಿತು ಅಂದುಕೊಂಡರೂ ಅದನ್ನು ತುಂಬೋಕೆ ಸೆಕೆಂಡಿನ ಹತ್ತನೇ ಒಂದೆರಡು ಪಾಲು. ಲೋಡ್ ಗಾಡಿಯಲ್ಲಿ ಅದು ಗೊತ್ತಾಗಲ್ಲ. ಗೊತ್ತಾಗೋದು ಒತ್ತಡ ನಷ್ಟ. ಪೂರ್ತಿ ಲೋಡಿನಲ್ಲಿ ಇಂಟರ್‌ಕೂಲರಿನ ಹಿಂದಕ್ಕೂ ಮುಂದಕ್ಕೂ 0.1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬೂಸ್ಟ್ ಸೆನ್ಸರ್ ಇಂಟರ್‌ಕೂಲರ್ ದಾಟಿದ ಮೇಲಿರೋದರಿಂದ ಇಸಿಯು ಅಲ್ಲಿನ ಒತ್ತಡವನ್ನೇ ಗುರಿ ಇಟ್ಟು ವೇನ್ ಮುಚ್ಚುತ್ತೆ. ನಡುವೆ ಎಷ್ಟು ನಷ್ಟವಾದರೂ ಟರ್ಬೊ ಅಷ್ಟು ಹೆಚ್ಚು ದುಡಿದು ತುಂಬಿಸುತ್ತೆ, ಗಾಳಿ ಇನ್ನೂ ಬಿಸಿಯಾಗುತ್ತೆ. ಗೇಜಿನಲ್ಲಿ ಏನೂ ಕಾಣಲ್ಲ. ಒಂದೇ ಗೇಜನ್ನು ಮೊದಲು ಬಿಸಿ ಕಡೆ, ಆಮೇಲೆ ತಂಪು ಕಡೆ ಟಿ ಹಾಕಿ ಅಳೆದರೆ ಸಾಕು.

ಪೈಪ್ 57 ಅಥವಾ 63 ಮಿ.ಮೀ. 76ಕ್ಕೆ ಹೋಗಿ ಪ್ರಯೋಜನ ಇಲ್ಲ.

ಹಳೆ ಸ್ಕಾರ್ಪಿಯೊ ಹಾಗೆ ಬಾನೆಟ್ ಸ್ಕೂಪಿನ ಕೆಳಗೆ ಇಂಟರ್‌ಕೂಲರ್ ಇದ್ದರೆ ಮೊದಲು ಬಾನೆಟ್ಟಿಗೂ ಇಂಟರ್‌ಕೂಲರಿಗೂ ನಡುವಿನ ಸ್ಪಂಜು ನೋಡಿ. ಅದು ಹರಿದಿದ್ದರೆ ಸ್ಕೂಪಿನ ಗಾಳಿ ಕೋರಿನೊಳಗೆ ಹೋಗದೆ ಪಕ್ಕದಿಂದ ಜಾರಿ ಹೋಗುತ್ತೆ. ಸ್ಪಂಜ್ ಹೊಸದು ಹಾಕಿ ಅಳೆದ ಮೇಲೆ ಉಳಿದ ಮಾತು.

ಕೋಟೆ ಡೀಸೆಲ್, ಚಿತ್ರದುರ್ಗ

88ರಿಂದ 72 ಬಂದದ್ದು ಒಳ್ಳೆಯದಾಯಿತು. 37 ಡಿಗ್ರಿ ಬಿಸಿಲಲ್ಲಿ ಏರು ಹತ್ತುವಾಗ ಹೊರಗಿಗಿಂತ 35 ಮೇಲೆ ಅಂದರೆ ಈ ಇಂಟರ್‌ಕೂಲರ್ ತನ್ನ ಕೆಲಸ ಮಾಡ್ತಾ ಇದೆ. 1,200 ಕೆ.ಜಿ. ಮಾತು ಬಂದಾಗ ಮೊದಲು ಆರ್‌ಸಿಯಲ್ಲಿರುವ ಒಟ್ಟು ತೂಕ, ಎಳೆಯಬಹುದಾದ ತೂಕ ನೋಡಿ. ಇಂಟರ್‌ಕೂಲರ್ ಹಾಕಿದರೆ ಬ್ರೇಕು, ಕ್ಲಚ್ಚು ದೊಡ್ಡದಾಗಲ್ಲ.

ಕೂರಿಸುವಾಗ ಹೀಗೆ ಮಾಡಿ. ಬ್ಯಾಟರಿ ನೆಗೆಟಿವ್ ತೆಗೆದು, ಬಂಪರ್, ಕೆಳಗಿನ ಗಾರ್ಡ್ ಬಿಚ್ಚಿ. ಹಳೆ ಇಂಟರ್‌ಕೂಲರಿನ ಸುತ್ತ ಇರುವ ರಬ್ಬರ್, ಸ್ಪಂಜಿನ ಪಟ್ಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಹೆಚ್ಚಿನವರು ಅವನ್ನು ಕಸ ಅಂತ ಬಿಸಾಕ್ತಾರೆ. ಗಾಳಿ ಯಾವತ್ತೂ ಸುಲಭದ ದಾರಿ ಹಿಡಿಯುತ್ತೆ. ಪಕ್ಕದಲ್ಲಿ ಎರಡು ಬೆರಳು ಸಂದಿ ಬಿಟ್ಟರೆ ಕೋರಿನೊಳಗೆ ನುಗ್ಗದೆ ಅಲ್ಲಿಂದಲೇ ಹೋಗುತ್ತೆ, ಹಾಕಿದ ದುಡ್ಡೂ ಅದರ ಹಿಂದೆಯೇ. ಹೊಸದಕ್ಕೂ ನಾಲ್ಕು ಸುತ್ತ 10–15 ಮಿ.ಮೀ. ದಪ್ಪದ ಸ್ಪಂಜ್ ಪಟ್ಟಿ ಅಂಟಿಸಿ.

ಇಂಟರ್‌ಕೂಲರನ್ನು ಬಾಡಿಗೆ ನೇರ ಬೋಲ್ಟ್ ಹಾಕಬೇಡಿ, ಕಂಪನಿಯ ರಬ್ಬರ್ ಬುಷ್ ಮೇಲೇ ಕೂರಿಸಿ. ಹಾಗೆ ಮಾಡದ ಬ್ರಾಕೆಟ್ಟುಗಳು ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತವೆ. ಎಂಜಿನ್ ವಾಲುತ್ತೆ, ಇಂಟರ್‌ಕೂಲರ್ ವಾಲಲ್ಲ. ಆದ್ದರಿಂದ ಎರಡು ಪೈಪುಗಳು ಹೋಸಿನೊಳಗೆ ಒಂದಕ್ಕೊಂದು ತಾಗದಂತೆ 10–15 ಮಿ.ಮೀ. ಅಂತರ ಬಿಡಿ, ಎಂಜಿನ್ ಕಡೆಯ ಕೂಡಿಕೆಗೆ ಉಬ್ಬು ಹೋಸ್ ಹಾಕಿ. ಪೈಪಿನ ಮೇಲೆ ಹೋಸ್ 25–30 ಮಿ.ಮೀ. ಏರಿರಲಿ. ಪೈಪಿನ ತುದಿಗೆ ಉಬ್ಬು ಇರಲೇಬೇಕು, ಕ್ಲಾಂಪ್ ಆ ಉಬ್ಬಿನ ಹಿಂದೆ 5 ಮಿ.ಮೀ. ಬಿಟ್ಟು ಕೂರಲಿ. ನುಣುಪು ಪೈಪಿಗೆ ಎಷ್ಟು ಬಿಗಿದರೂ ಎಣ್ಣೆ ಆವಿಗೆ ಜಾರಿ, ಮೊದಲ ದೊಡ್ಡ ಏರಿನಲ್ಲೇ ಡಬ್ ಅಂತ ಬಿಚ್ಚಿಕೊಳ್ಳುತ್ತೆ.

ಹೋಸ್ 5 ಮಿ.ಮೀ. ದಪ್ಪ, 4 ಪದರದ್ದು. ಬಿಸಿ ಕಡೆಗೆ ಒಳಪದರ ಫ್ಲೋರೊಸಿಲಿಕೋನ್ ಇರೋದೇ ತಗೊಳ್ಳಿ. ಸಾದಾ ಸಿಲಿಕೋನ್ ಬಿಸಿಗೆ ತಡೆಯುತ್ತೆ, ಎಣ್ಣೆಗೆ ತಡೆಯಲ್ಲ. ಹೊರಗೆ ನೀಲಿ ಬಣ್ಣ ಹೊಳೆಯುತ್ತಿದ್ದರೂ ಒಳಗೆ ನೆನೆದು ಬೆವರ್ತಾ ಇರುತ್ತೆ. ಸಾಮಾನ್ಯ ಹಲ್ಲಿನ ಕ್ಲಿಪ್ ಬೇಡ, ಹೋಸನ್ನು ಕೊಯ್ಯುತ್ತೆ. ಟಿ-ಬೋಲ್ಟ್ ಕ್ಲಾಂಪ್ ಹಾಕಿ. 63ರ ಪೈಪಿಗೆ ಈ ಹೋಸ್ ಹಾಕಿದ ಮೇಲೆ ಹೊರ ಅಳತೆ 73 ಆಗುತ್ತೆ, ಅದು ಕ್ಲಾಂಪಿನ ಅಳತೆಯ ನಡುವೆ ಬರಬೇಕು. 6–7 ನ್ಯೂಟನ್ ಮೀಟರ್ ಬಿಗಿ ಸಾಕು. ಪೈಪಿಗೂ ವೈರಿಂಗಿಗೂ, ಎಸಿ ಪೈಪಿಗೂ 15 ಮಿ.ಮೀ. ಅಂತರ ಇಡಿ, ಆಗದಿದ್ದ ಕಡೆ ರಬ್ಬರ್ ಇರುವ ಕ್ಲಿಪ್ ಹಾಕಿ ಹಿಡಿಸಿ. ಜೋಡಣೆ ಮುಗಿದ ಮೇಲೆ ಅದೇ ಪ್ಲಗ್ಗುಗಳಲ್ಲಿ ಮತ್ತೆ 1 ಬಾರ್ ಪರೀಕ್ಷೆ.

ಆಮೇಲೆ ಕಣ್ಣಿಡಬೇಕಾದ್ದು ಕೂಲೆಂಟ್ ಮೇಲೆ. ಅದೇ ಏರಿನಲ್ಲಿ 91 ಇದ್ದದ್ದು 100 ಮುಟ್ಟಿದರೆ ಕೋರ್ ರೇಡಿಯೇಟರಿನ ಗಾಳಿ ಕಟ್ಟಿದೆ ಅಂತ ಅರ್ಥ. ಆಗ ಫ್ಯಾನಿನ ವಿಸ್ಕಸ್ ಕ್ಲಚ್ ಕೂಡ ನೋಡಿಸಿ. ಚೆನ್ನಾಗಿ ಬಿಸಿಯಾದ ಎಂಜಿನ್ ಆಫ್ ಮಾಡಿದಾಗ ಫ್ಯಾನ್ ಬೇಗ ನಿಲ್ಲಬೇಕು. ಸುಮ್ಮನೆ ತಿರುಗುತ್ತಲೇ ಇದ್ದರೆ ಕ್ಲಚ್ಚಿನ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ.

ರೀಮ್ಯಾಪ್ ಬೇಕಿಲ್ಲ. ಕಂಪನಿ ಮ್ಯಾಪಿನಲ್ಲೇ ಇಂಟರ್‌ಕೂಲರ್ ಬದಲಾಯಿಸಬಹುದು, ಇಸಿಯು ತಂಪು ಗಾಳಿಯನ್ನು ತಾನೇ ಅಳೆದುಕೊಳ್ಳುತ್ತೆ. ತಂಪಾದ ಗಾಳಿಯ ಲಾಭವನ್ನೆಲ್ಲ ಹೆಚ್ಚು ಡೀಸೆಲ್ ಸುರಿದು ಮುಗಿಸಿದರೆ ಎಕ್ಸಾಸ್ಟ್ ಬಿಸಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೆ, ಟ್ರೇಲರ್ ಎಳೆಯೋಕೆ ನೀವು ಮಾಡಿದ್ದು ವ್ಯರ್ಥ. ಹಟ ಹಿಡಿದು ಮಾಡಿಸಿದರೆ ಎಕ್ಸಾಸ್ಟ್ ಟರ್ಬೊಗೆ ಸೇರುವ ಮುಂಚಿನ ಜಾಗದಲ್ಲಿ ಅದರ ಬಿಸಿ ಅಳೆಯುವ ಪೈರೊಮೀಟರ್ ಹಾಕಿಸಿ, ಉದ್ದ ಏರಿನಲ್ಲಿ 700 ಡಿಗ್ರಿ ದಾಟಿಸಬೇಡಿ. ಗಾಡಿಯ ಮೂಲ ರಚನೆಯಲ್ಲಿ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ. ಬಂಪರಿನ ಒಳಗಿನ ಬೀಮ್ ಕೊಯ್ದು ಜಾಗ ಮಾಡಿಕೊಡ್ತೀವಿ ಅನ್ನೋರ ಹತ್ತಿರ ಕೆಲಸ ಮಾಡಿಸಲೇಬೇಡಿ. ಡಿಕ್ಕಿಯಾದಾಗ ಪೆಟ್ಟು ತಡೆಯೋದು ಅದೇ ಬೀಮು.

ಅಡಕೆಗಾಡಿ, ದಾವಣಗೆರೆ

ಬಂಪರ್ ಬಿಚ್ಚಿದಾಗಲೇ ಅಳೆದಿಟ್ಟಿದ್ದೆ. ಅತಿ ಕಿರಿದಾದ ಕಡೆ 84 ಮಿ.ಮೀ. 76ರದ್ದು ಕೂತ್ರೆ 8 ಉಳಿಯುತ್ತೆ, ಅದು ಆಗಲ್ಲ ಅಂತ ಈಗ ಗೊತ್ತಾಯ್ತು. 60 ದಪ್ಪ, 600 ಅಗಲ, 260 ಎತ್ತರದ ಕೋರ್ ಹುಡುಕ್ತೀನಿ. ಟ್ರೇಲರ್ ಬರೋ ತನಕ ಈಗಿರೋದೇ ಇರಲಿ. ಆರ್‌ಸಿ ತೂಕ ನೋಡ್ತೀನಿ. ಇಬ್ಬರಿಗೂ ತುಂಬಾ ಉಪಕಾರ ಆಯ್ತು.

ಲೇತ್ ಮನೆ, ಹರಿಹರ

600 ಅಗಲ ಅಂದರೆ ಕೋರ್ ಮಾತ್ರ. ಎರಡು ಕಡೆ ಟ್ಯಾಂಕ್ ಸೇರಿದರೆ 740ರ ಹತ್ತಿರ ಹೋಗುತ್ತೆ, ಹೆಡ್‌ಲೈಟ್ ಕೆಳಗಿನ ಜಾಗವನ್ನೂ ಅಳೆದುಕೊಂಡೇ ಆರ್ಡರ್ ಕೊಡಿ. ರಟ್ಟಿನಲ್ಲಿ ಅದೇ ಅಳತೆಯ ಡಬ್ಬಿ ಮಾಡಿ ಕೂರಿಸಿ ನೋಡಿದರೆ ಇನ್ನೂ ಒಳ್ಳೆಯದು. ಈಗ ಹಾಕಿದ ಹೊಸ ಹೋಸಿನ ಕ್ಲಾಂಪನ್ನು 500 ಕಿ.ಮೀ. ಆದ ಮೇಲೆ ತಣ್ಣಗಿರುವಾಗ ಒಮ್ಮೆ ಬಿಗಿ ಮಾಡಿ, ರಬ್ಬರ್ ಕೂತ ಮೇಲೆ ಸಡಿಲ ಆಗೇ ಆಗುತ್ತೆ. ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಸಂದಿಗೆ ಮತ್ತೆ ಹಿಂದಿನಿಂದ ಗಾಳಿ ಹೊಡೆಸಿ.